ಬದಲಿ ಬೇರಿಂಗ್ ಎಷ್ಟು ಕಾಲ ಬಾಳುತ್ತದೆ?

ಎತ್ತಿನ ಗಾಡಿಯ ಕಾಲದಿಂದಲೂ ಚಕ್ರದ ಕಷ್ಟವೆಲ್ಲ ಇರುವುದು ಅದರ ನಡುವಿನಲ್ಲಿ. ನೆಲಕ್ಕೆ ತಾಗುವ ಕಬ್ಬಿಣದ ಪಟ್ಟಿ ಸವೆದರೆ ಕಣ್ಣಿಗೆ ಕಾಣುತ್ತದೆ. ಗುಂಬದೊಳಗೆ ಅಚ್ಚು ಉಜ್ಜುವುದು ಕಾಣುವುದಿಲ್ಲ, ಕೇಳಿಸುತ್ತದೆ. ಆ ಕಿರುಗುಟ್ಟುವಿಕೆಯನ್ನು ಅಡಗಿಸಲು ರೈತ ಕೀಲೆಣ್ಣೆ ಹಾಕುತ್ತಿದ್ದ. ಉಜ್ಜುವುದರ ಬದಲು ಉರುಳುವಂತೆ ಮಾಡಿದರೆ ಘರ್ಷಣೆ ಬಹುಪಾಲು ತಗ್ಗುತ್ತದೆ ಎಂಬ ಉಪಾಯವೇ ಬಾಲ್ ಬೇರಿಂಗ್. ವೇಲ್ಸ್‌ನ ಫಿಲಿಪ್ ವಾನ್ ಎಂಬ ಕಬ್ಬಿಣದ ಉದ್ಯಮಿ 1794ರಲ್ಲಿಯೇ ಗಾಡಿಯ ಅಚ್ಚಿಗಾಗಿ ಇದರ ಪೇಟೆಂಟ್ ಪಡೆದಿದ್ದ. ಆದರೆ ಒಂದೇ ಅಳತೆಯ, ಅಪ್ಪಟ ದುಂಡಗಿನ ಉಕ್ಕಿನ ಗುಂಡುಗಳನ್ನು ರಾಶಿಗಟ್ಟಲೆ ತಯಾರಿಸುವುದು ಸಾಧ್ಯವಾದದ್ದು 1883ರಲ್ಲಿ, ಜರ್ಮನಿಯ ಷ್ವೈನ್‌ಫುರ್ಟ್ ಪಟ್ಟಣದ ಫ್ರೀಡ್ರಿಷ್ ಫಿಷರ್ ಗುಂಡು ಅರೆಯುವ ಯಂತ್ರವನ್ನು ರೂಪಿಸಿದ ಮೇಲೆ. ಮುಂದೆ ಈ ಪಟ್ಟಣ ಬೇರಿಂಗುಗಳ ತವರಾಯಿತು. ಎರಡನೇ ಮಹಾಯುದ್ಧದಲ್ಲಿ, 1943ರ ಆಗಸ್ಟ್ ಹಾಗೂ ಅಕ್ಟೋಬರ್ ತಿಂಗಳುಗಳಲ್ಲಿ ಅಮೆರಿಕದ ಬಾಂಬರುಗಳು ಅದರ ಮೇಲೆ ಎರಗಿದವು. ಅಕ್ಟೋಬರ್ 14ರ ಒಂದೇ ದಿನ 60 ವಿಮಾನಗಳನ್ನು ಅಮೆರಿಕ ಕಳೆದುಕೊಂಡಿತು. ಬೇರಿಂಗ್ ನಿಂತರೆ ಶತ್ರುವಿನ ಯಂತ್ರಗಳೆಲ್ಲ ನಿಂತಾವು ಎಂಬುದೇ ಆ ಸಾಹಸದ ಹಿಂದಿನ ಲೆಕ್ಕಾಚಾರ.

ಯುದ್ಧದ ಮಾತು ಹಾಗಿರಲಿ. ವಾಹನ ಇಟ್ಟುಕೊಂಡವರೆಲ್ಲ ಒಂದಲ್ಲ ಒಂದು ದಿನ ಹೇಳುವ ಗೋಳೊಂದಿದೆ: 'ಬೇರಿಂಗ್ ಹೋಗಿತ್ತು, ಹೊಸದು ಹಾಕಿಸಿದೆ. ಅದು ಹಳೆಯದರ ಅರ್ಧದಷ್ಟೂ ಬರಲಿಲ್ಲ.' ಕಾರ್ಖಾನೆಯಿಂದ ಬಂದದ್ದು ಲಕ್ಷ ಕಿಲೋಮೀಟರ್ ಓಡಿ, ಬದಲಿಯಾಗಿ ಹಾಕಿದ್ದು ಬೇಗನೆ ಕೈಕೊಡುವುದೇಕೆ? ಇದಕ್ಕೆ ಉತ್ತರ ಹುಡುಕಲು ಬಿ.ಎಂ.ಡಬ್ಲ್ಯು. ಮೋಟಾರ್ ಸೈಕಲ್ಲುಗಳ ಹಿಂಚಕ್ರಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ನಮ್ಮ ರಸ್ತೆಗಳ ಬೈಕುಗಳಲ್ಲಿ ಎಂಜಿನ್ನಿನ ಶಕ್ತಿ ಹಿಂಚಕ್ರಕ್ಕೆ ತಲುಪುವುದು ಸಾಮಾನ್ಯವಾಗಿ ಚೈನಿನ ಮೂಲಕ. ಬಿ.ಎಂ.ಡಬ್ಲ್ಯು. ಮಾತ್ರ 1923ರಲ್ಲಿ ಮ್ಯಾಕ್ಸ್ ಫ್ರಿಟ್ಸ್ ವಿನ್ಯಾಸಗೊಳಿಸಿದ ತನ್ನ ಮೊದಲ ಮೋಟಾರ್ ಸೈಕಲ್ ಆರ್ 32ರಲ್ಲಿಯೇ ಚೈನ್ ಬಿಟ್ಟು ಉದ್ದನೆಯ ಶಾಫ್ಟ್ ಬಳಸಿತು. ಶಾಫ್ಟಿನ ತುದಿಯಲ್ಲಿ, ಲಾರಿಯ ಹಿಂದಿನ ಹೌಸಿಂಗಿನಲ್ಲಿ ಇರುವಂತೆಯೇ, ಕ್ರೌನ್-ಪಿನಿಯನ್ ಹಲ್ಲುಚಕ್ರಗಳ ಜೋಡಿ ಎಣ್ಣೆಯಲ್ಲಿ ಮುಳುಗಿ ತಿರುಗುತ್ತದೆ. ಹಳೆಯ ಮಾದರಿಗಳಲ್ಲಿ ಹಿಂಚಕ್ರಕ್ಕೆ ಎರಡು ಬದಿಯಲ್ಲೂ ಆಸರೆಯಿತ್ತು, ಚಕ್ರದ ನಡುವೆ ಅದರದೇ ಬೇರಿಂಗುಗಳಿದ್ದವು. 1980ರ ಆರ್ 80 ಜಿ/ಎಸ್ ಮಾದರಿಯಲ್ಲಿ ಕಂಪೆನಿ ಒಂದು ಬದಿಯ ತೋಳನ್ನು ತೆಗೆದೇಬಿಟ್ಟಿತು. ಕಾರಿನ ಚಕ್ರದಂತೆ ಬೋಲ್ಟು ಬಿಚ್ಚಿದರೆ ಚಕ್ರ ಕೈಗೆ ಬರುವ ಅನುಕೂಲವಾಯಿತು. ಬದಲಿಗೆ ಚಕ್ರದ ಭಾರ, ತಿರುವಿನ ಎಳೆತ, ಹಲ್ಲುಚಕ್ರಗಳ ನೂಕು ಎಲ್ಲವೂ ಕ್ರೌನ್ ವೀಲಿನ ಎರಡು ಬೇರಿಂಗುಗಳ ಪಾಲಿಗೆ ಬಂದವು. ಅವುಗಳಲ್ಲಿ ಚಕ್ರಕ್ಕೆ ಹತ್ತಿರವಿರುವ ದೊಡ್ಡ ಬಾಲ್ ಬೇರಿಂಗಿನದೇ ಹೆಚ್ಚಿನ ದುಡಿಮೆ. ತುಂಬಿದ ಕೊಡವನ್ನು ಒಂದೇ ಕೈಯಲ್ಲಿ ಚಾಚಿ ಹಿಡಿದಂತೆ ಅದರ ಸ್ಥಿತಿ.

1990ರ ದಶಕದ ಕೊನೆಯಲ್ಲಿ ಬಂದ ಕೆ 1200 ಎಲ್‌ಟಿಯಂತಹ ಭಾರೀ ಪ್ರವಾಸಿ ಬೈಕುಗಳಲ್ಲಿ, ಇಬ್ಬರು ಕುಳಿತು ಪೆಟ್ಟಿಗೆ ತುಂಬ ಸಾಮಾನು ಹೇರಿ ಸಾವಿರಾರು ಕಿಲೋಮೀಟರ್ ಸಾಗುವಾಗ, ಈ ಬೇರಿಂಗ್ ಮುರಿದ ದೂರುಗಳು ಬಂದವು. ಸೋಜಿಗವೆಂದರೆ ಅದೇ ಮಾದರಿಯ ಎಷ್ಟೋ ಬೈಕುಗಳು ಮೂಲ ಬೇರಿಂಗಿನಲ್ಲೇ ಲಕ್ಷ ಕಿಲೋಮೀಟರ್ ದಾಟಿದವು. ಕೆಲವಕ್ಕೆ ಮಾತ್ರ ಹೊಸದು ಹಾಕಿದರೂ ಕಾಟ ತಪ್ಪಲಿಲ್ಲ.

ಈ ಏರುಪೇರಿನಲ್ಲಿ ಒಂದಂಶ ಬೇರಿಂಗಿನ ಸ್ವಭಾವದಲ್ಲೇ ಇದೆ. ಗುಂಡು ಹಾದಿಯ ಮೇಲೆ ಉರುಳಿದಾಗಲೆಲ್ಲ ಉಕ್ಕು ಒಂದಿಷ್ಟು ತಗ್ಗಿ ಮೇಲೇಳುತ್ತದೆ. ಕೋಟಿಗಟ್ಟಲೆ ಸಲ ಹೀಗಾದಾಗ ಮೇಲ್ಮೈಯ ಕೆಳಗೆ, ಯಾವುದೋ ಸಣ್ಣ ಕಲ್ಮಶದ ಬಳಿ, ಬಿರುಕು ಹುಟ್ಟುತ್ತದೆ. ಅದು ಮೇಲೆ ಬಂದ ದಿನ ಉಕ್ಕು ಹಕ್ಕಳೆಯಾಗಿ ಏಳುತ್ತದೆ. ಬಿರುಕು ಯಾವ ಬೇರಿಂಗಿನಲ್ಲಿ ಎಂದು ಹುಟ್ಟುತ್ತದೆಂದು ಹೇಳಲಾಗದು. ಆದ್ದರಿಂದ ಸ್ವೀಡನ್ನಿನ ಗುಸ್ತಾಫ್ ಲುಂಡ್‌ಬರ್ಗ್ ಮತ್ತು ಆರ್ವಿಡ್ ಪಾಲ್ಮ್‌ಗ್ರೆನ್ 1947ರಲ್ಲಿ ಪ್ರಕಟಿಸಿದ ಸಿದ್ಧಾಂತ ಬೇರಿಂಗಿನ ಆಯುಷ್ಯವನ್ನು ಸಂಭವನೀಯತೆಯ ಭಾಷೆಯಲ್ಲಿ ಹೇಳುತ್ತದೆ. ನೂರು ಬೇರಿಂಗುಗಳಲ್ಲಿ ತೊಂಬತ್ತು ಎಷ್ಟು ಸುತ್ತು ಪೂರೈಸುತ್ತವೆಯೋ ಅದೇ 'ಆಯುಷ್ಯ'. ಉಳಿದ ಹತ್ತು ಅದಕ್ಕೆ ಮೊದಲೇ ಹೋಗುತ್ತವೆಂಬುದನ್ನು ಲೆಕ್ಕವೇ ಒಪ್ಪಿಕೊಂಡಿದೆ. ಹಿಂಚಕ್ರದ ಸುತ್ತಳತೆ ಸುಮಾರು 2 ಮೀಟರ್ ಎಂದರೆ, ಲಕ್ಷ ಕಿಲೋಮೀಟರಿಗೆ ಆಗುವುದು 5 ಕೋಟಿ ಸುತ್ತು.

ಇಲ್ಲೊಂದು ಸರಳ ಗಣಿತವಿದೆ. ಆ ದುರದೃಷ್ಟದ ಹತ್ತರಲ್ಲಿ ಒಂದು ನಿಮ್ಮ ಪಾಲಿಗೆ ಬರುವ ಸಾಧ್ಯತೆ ಹತ್ತರಲ್ಲೊಂದು. ಬದಲಿಯಾಗಿ ಬಂದದ್ದೂ ಅಂಥದ್ದೇ ಆಗುವ ಸಾಧ್ಯತೆ ನೂರರಲ್ಲೊಂದು. ಹೀಗಾಗಿ ಒಂದು ಬೇರಿಂಗ್ ಬೇಗ ಹೋದರೆ ಅದೃಷ್ಟವನ್ನು ಹಳಿಯಬಹುದು. ಎರಡನೆಯದೂ ಹೋದರೆ ಬೇರಿಂಗನ್ನು ಬಿಟ್ಟು ಅದು ಕುಳಿತ ಮನೆಯನ್ನೂ ಕೂರಿಸಿದ ಕೈಯನ್ನೂ ಅನುಮಾನಿಸಬೇಕು. ಆಗಲೂ ಬರೀ ಬೇರಿಂಗ್ ಬದಲಿಸುತ್ತ ಹೋಗುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಮನೆಯಲ್ಲಿ ಆಗುವ ತಪ್ಪುಗಳು ಹಲವು. ಮೊದಲನೆಯದು ಬಿಗಿಯದು. ಕ್ರೌನ್ ವೀಲಿನ ಬೇರಿಂಗುಗಳು ಎಷ್ಟು ಬಿಗಿಯಾಗಿ ಕೂರಬೇಕೆಂಬುದನ್ನು 'ಶಿಮ್' ಎಂಬ ತೆಳು ಉಕ್ಕಿನ ಬಳೆಗಳಿಂದ ಹೊಂದಿಸುತ್ತಾರೆ. ಇಲ್ಲಿನ ಲೆಕ್ಕ ಮಿಲಿಮೀಟರಿನ ನೂರನೇ ಭಾಗಗಳಲ್ಲಿ. ಹೊಸ ಬೇರಿಂಗಿನ ಅಗಲ ಹಳೆಯದಕ್ಕಿಂತ ಕೂದಲೆಳೆಯಷ್ಟು ಬೇರೆಯಿರಬಹುದು. ಅಳೆಯದೆ ಹಳೆಯ ಶಿಮ್ಮನ್ನೇ ಹಾಕಿದರೆ ಬಿಗಿ ಹೆಚ್ಚುತ್ತದೆ, ಇಲ್ಲವೇ ಸಡಿಲವಾಗುತ್ತದೆ. ಸಡಿಲವಾದರೆ ಭಾರವೆಲ್ಲ ಕೆಲವೇ ಗುಂಡುಗಳ ಮೇಲೆ ಬೀಳುತ್ತದೆ. ಬಿಗಿಯಾದರೆ ಬೇರಿಂಗ್ ನಿಂತಲ್ಲೂ ಹೊರೆ ಹೊತ್ತಿರುತ್ತದೆ. ಬಾಲ್ ಬೇರಿಂಗಿನ ಮಟ್ಟಿಗೆ ಹೊರೆ ಕಾಲುಭಾಗ ಹೆಚ್ಚಿದರೆ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಹೊರೆ ಇಮ್ಮಡಿಯಾದರೆ ಉಳಿಯುವುದು ಎಂಟನೇ ಒಂದು ಪಾಲು ಮಾತ್ರ.

ಎರಡನೆಯದು ಕೂರಿಸುವ ಕ್ರಮ. ಬೇರಿಂಗನ್ನು ಹದವಾಗಿ ಬಿಸಿ ಮಾಡಿದರೆ ಅದು ಹಿಗ್ಗಿ ತಾನಾಗಿ ಜಾರಿ ಕೂರುತ್ತದೆ. ಆತುರಕ್ಕೆ ಸುತ್ತಿಗೆಯಿಂದ ಹೊರಬಳೆಗೆ ಬಡಿದು ಒಳಬಳೆಯನ್ನು ಕೂರಿಸಿದರೆ, ಏಟೆಲ್ಲ ಗುಂಡುಗಳ ಮೂಲಕ ಹಾಯ್ದು ನುಣುಪಾದ ಹಾದಿಯಲ್ಲಿ ಕುಳಿ ಬೀಳುತ್ತದೆ. ಪೊಟ್ಟಣ ಒಡೆದ ಗಳಿಗೆಯಲ್ಲೇ ಅದರ ಆಯುಷ್ಯ ಮುಕ್ಕಾಗಿರುತ್ತದೆ. ಮೂರನೆಯದು ಕೊಳೆ. ಮೊದಲ ಬೇರಿಂಗ್ ಪುಡಿಯಾದಾಗ ಉದುರಿದ ಉಕ್ಕಿನ ಹಕ್ಕಳೆಗಳು ಹೌಸಿಂಗಿನ ಮೂಲೆಗಳಲ್ಲಿ ಅಡಗಿರುತ್ತವೆ. ಪೂರ್ತಿ ತೊಳೆಯದೆ ಮುಚ್ಚಿದರೆ ಅವೇ ಹೊಸ ಬೇರಿಂಗಿನ ಗುಂಡುಗಳಡಿ ಸಿಕ್ಕಿ ಅದನ್ನೂ ಕೊರೆಯುತ್ತವೆ. ಹೆಸರಾಂತ ಕಂಪೆನಿಗಳ ಮುದ್ರೆ ಹೊತ್ತ ನಕಲಿ ಬೇರಿಂಗುಗಳ ಹಾವಳಿ ಬೇರೆ.

ಚೈನ್ ಬೈಕಿನವರೂ ನಿಶ್ಚಿಂತರಾಗಿರುವಂತಿಲ್ಲ. ಚೈನನ್ನು ಅತಿ ಬಿಗಿ ಮಾಡಿದರೆ ಹಿಂಚಕ್ರದ, ಅದರಲ್ಲೂ ಸ್ಪ್ರಾಕೆಟ್ ಬದಿಯ, ಬೇರಿಂಗ್ ಹಗಲಿರುಳೂ ಎಳೆತ ತಿನ್ನುತ್ತದೆ. ಅಲ್ಲಿಯೂ ಸುತ್ತಿಗೆ ಅದೇ, ಕೊಳೆಯೂ ಅದೇ. ತಗ್ಗಿನಲ್ಲಿ ನುಗ್ಗುವ ಮಳೆನೀರು ಹೆಚ್ಚಿನ ಶತ್ರು.

ಇದು ಬರೀ ಖರ್ಚಿನ ಪ್ರಶ್ನೆಯಲ್ಲ. ಹೆದ್ದಾರಿಯ ವೇಗದಲ್ಲಿ ಹಿಂಚಕ್ರ ತೊನೆದಾಡಿದರೆ, ಸೀಲ್ ಹರಿದು ಎಣ್ಣೆ ಟೈರಿಗೋ ಬ್ರೇಕಿಗೋ ತಾಗಿದರೆ, ಎರಡೇ ಚಕ್ರದ ವಾಹನಕ್ಕೆ ಆಸರೆಯಿಲ್ಲ. ಅದೃಷ್ಟವಶಾತ್ ಬೇರಿಂಗ್ ಸಾಮಾನ್ಯವಾಗಿ ಮುನ್ಸೂಚನೆ ಕೊಡುತ್ತದೆ. ಬೈಕನ್ನು ಸ್ಟ್ಯಾಂಡಿಗೆ ಹಾಕಿ ಹಿಂಚಕ್ರವನ್ನು ಮೇಲೆ-ಕೆಳಗೆ ಹಿಡಿದು ಅಲುಗಿಸಿ ನೋಡಿ. ಆಟ ಕಂಡರೆ ಓಡಿಸಬೇಡಿ. ಶಾಫ್ಟ್ ಬೈಕಿನಲ್ಲಿ ಸೀಲಿನ ಸುತ್ತ ಎಣ್ಣೆ ಜಿನುಗಿದರೂ, ಬಸಿದ ಎಣ್ಣೆಯಲ್ಲಿ ಉಕ್ಕಿನ ಚೂರುಗಳು ಮಿನುಗಿದರೂ ತಡಮಾಡುವಂತಿಲ್ಲ.

ಬಿಚ್ಚಿಸಿದ ಹಳೆಯ ಬೇರಿಂಗನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ಕೈಗೆ ತೆಗೆದುಕೊಂಡು ನೋಡಿ. ಗುಂಡುಗಳ ಅಂತರಕ್ಕೆ ಸರಿಯಾಗಿ ಕುಳಿಗಳಿದ್ದರೆ ಸುತ್ತಿಗೆಯ ಇಲ್ಲವೇ ಭಾರೀ ಹೊಡೆತದ ಕೆಲಸ. ಸವೆದ ಹಾದಿ ಓರೆಯಾಗಿದ್ದರೆ ಬೇರಿಂಗ್ ಸೊಟ್ಟಗೆ ಕೂತಿತ್ತು. ಅಲ್ಲಲ್ಲಿ ಸಣ್ಣ ಚುಕ್ಕೆಗಳಿದ್ದರೆ ಕೊಳೆ, ಕಂದು ತುಕ್ಕಿದ್ದರೆ ನೀರು, ನೀಲಿಗಟ್ಟಿದ್ದರೆ ಎಣ್ಣೆಯಿಲ್ಲದೆ ಕಾದದ್ದು. ಅದನ್ನು ಮೆಕ್ಯಾನಿಕ್ಕಿಗೂ ತೋರಿಸಿ, ಕಾರಣ ಗೊತ್ತಾದ ಮೇಲೆಯೇ ಹೊಸದನ್ನು ಹಾಕಿಸುವುದು ಮೇಲು.