ಕೆಸರಲ್ಲಿ ಮಂಡಿಯೂರಿದ ಮರಗಳು

"ಅಲ್ಲಿ ಕಾಲಿಡ್ಬೇಡ ಮಾರಾಯ, ಬೇರಿನ ಮೇಲೇ ಹೆಜ್ಜೆ ಇಡು" ಎಂದು ಮಾವ ಕೂಗುವಷ್ಟರಲ್ಲಿ ನನ್ನ ಬಲಗಾಲು ಮೊಣಕಾಲಿನವರೆಗೆ ಹುಗಿದಿತ್ತು. ಹೊರಗೆ ಏಪ್ರಿಲ್ ತಿಂಗಳ ಸುಡುಬಿಸಿಲು. ಒಳಗೆ ಕಾಲಿಗೆ ತಾಗಿದ್ದು ಬಾವಿನೀರಿನಷ್ಟು ತಣ್ಣನೆಯ ಕೆಸರು. ಸಾಗರದಿಂದ ಜೋಗ ದಾಟಿ, ಮಾವಿನಗುಂಡಿಯಿಂದ ಹೊನ್ನಾವರದತ್ತ ಇಳಿಯುವ ರಸ್ತೆಯ ಪಕ್ಕದ ಕಾಡು ಅದು. ಹೆಸರು ಕತ್ತಲೆಕಾನು. ಹೆಸರಿಟ್ಟವರು ಇದರೊಳಗೆ ನಿಂತೇ ಹೆಸರಿಟ್ಟಿರಬೇಕು.

ಸುತ್ತ ನೋಡಿದರೆ ನೆಲದ ತುಂಬ ಬೇರುಗಳು. ಕೆಸರಿನಿಂದ ಮೇಲೆದ್ದು, ಬಕೆಟ್ಟಿನ ಹಿಡಿಯಂತೆ ಬಾಗಿ, ಮತ್ತೆ ಕೆಸರಿಗೇ ಇಳಿದಿವೆ. ಒಂದನ್ನು ಮುಟ್ಟಿ ನೋಡಿದೆ. ಮೇಲ್ಮೈ ಒರಟು, ಅಲ್ಲಲ್ಲಿ ಸಣ್ಣ ಗುಳ್ಳೆಗಳಂತಹ ಉಬ್ಬು. ಆ ಉಬ್ಬುಗಳೇ ಮರದ ಮೂಗು. ವರ್ಷವಿಡೀ ನೀರು ಹಿಡಿದ ಮಣ್ಣಿನಲ್ಲಿ ಗಾಳಿಯಾಡುವುದಿಲ್ಲ, ಅಲ್ಲಿ ಬೇರು ಉಸಿರುಗಟ್ಟುತ್ತದೆ. ಹಾಗಾಗಿ ಅದು ಉಸಿರಾಡಲು ಮೇಲೆ ಬಂದು ಹೋಗುತ್ತದೆ. ಇದು ಪಿಂಡಿ ಮರ. ವಿಜ್ಞಾನದಲ್ಲಿ ಜಿಮ್ನಾಕ್ರಾಂಥೆರಾ ಕೆನರಿಕಾ. ನಮ್ಮ ಕೆನರಾದ ಹೆಸರನ್ನೇ ಹೊತ್ತಿದೆ. ಇದರ ಬೀಜದ ಕೊಬ್ಬಿನಿಂದ ಹಿಂದೆ ಮೇಣದ ಬತ್ತಿ ಮಾಡುತ್ತಿದ್ದರು. ಪಕ್ಕದಲ್ಲಿ ಮಿರಿಸ್ಟಿಕಾ ಮ್ಯಾಗ್ನಿಫಿಕಾ. ಅದು ಬುಡದ ಸುತ್ತ ಊರುಗೋಲಿನಂತಹ ಬೇರುಗಳನ್ನು ಇಳಿಬಿಟ್ಟುಕೊಂಡು, ಹೂತು ಹೋಗದಂತೆ ನಿಂತಿದೆ. ಎರಡೂ ಜಾಯಿಕಾಯಿ ಕುಟುಂಬದವು, ಹೂಬಿಡುವ ಗಿಡಗಳಲ್ಲಿ ಬಹಳ ಹಳೆಯ ವಂಶ. ರಾಮಪತ್ರೆ ಮತ್ತು ಕಚ್ಚು ಹಾಕಿದರೆ ಕೆಂಪು ರಸ ಸುರಿಸುವ ರಕ್ತಮರ ಇವುಗಳ ದಾಯಾದಿಗಳು. ಅದಕ್ಕೇ ಇಂತಹ ಜೌಗುಕಾಡಿಗೆ ರಾಮಪತ್ರೆ ಜಡ್ಡಿ ಎಂಬ ಹೆಸರು.

ಇದೇ ಕೆಸರಿನಲ್ಲಿ ಮಾವು, ಗೇರಿನ ಕುಟುಂಬಕ್ಕೆ ಸೇರಿದ ಇನ್ನೊಂದು ಮರವೂ ಇದೆ. ಊರಿನವರ ಕಣ್ಣಮುಂದೆಯೇ ಬೆಳೆದಿದ್ದರೂ ವಿಜ್ಞಾನ ಅದನ್ನು ಹೊಸ ಪ್ರಭೇದವೆಂದು ಗುರುತಿಸಿದ್ದು 2000ದಲ್ಲಿ. ದಾಸಪ್ಪ ಮತ್ತು ಸ್ವಾಮಿನಾಥ್ ಅದಕ್ಕೆ ಈ ಕಾನಿನ ಹೆಸರನ್ನೇ ಇಟ್ಟರು: ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಭಾರೀ ಎಲೆ, ಮುಗಿಲೆತ್ತರದ ಕಾಂಡ. ಗಂಡುಮರ ಬೇರೆ, ಹೆಣ್ಣುಮರ ಬೇರೆ. ಬೆಳೆದ ಮರಗಳು ನೂರರೊಳಗೇ ಇದ್ದಾಗ ಇದು ಎಷ್ಟು ದೊಡ್ಡ ಕಷ್ಟವೆಂದು ಯೋಚಿಸಿ: ಒಂದು ಜಡ್ಡಿಯಲ್ಲಿ ಉಳಿದದ್ದು ಒಂಟಿ ಹೆಣ್ಣುಮರವಾದರೆ ಅದರ ವಂಶ ಅಲ್ಲಿಗೇ ನಿಂತಿತು. ಶಿರಸಿಯ ಅರಣ್ಯ ಕಾಲೇಜಿನವರು ಇದರ ಸಸಿ ಎಬ್ಬಿಸಿ ಮತ್ತೆ ಜೌಗಿಗೇ ನೆಟ್ಟಿದ್ದಾರೆ. ನನಗೆ ಅದು ಬಹಳ ದೊಡ್ಡ ಕೆಲಸವಾಗಿ ಕಾಣುತ್ತದೆ.

ಇದೇ ಕಾನಿನ ತೊರೆಗಳಲ್ಲಿ ಕುಂಬಾರ ಕಪ್ಪೆಯಿದೆ. 2014ರಲ್ಲಿ ಲೋಕಕ್ಕೆ ಪರಿಚಯವಾಯಿತು. ಗಂಡುಕಪ್ಪೆ ಮುಂಗಾಲಿನಿಂದ ಕೆಸರು ತೆಗೆದು ಮೊಟ್ಟೆಗಳಿಗೆ ಮೆತ್ತುತ್ತದೆ. ಮೇಲೆ ಸಿಂಗಳೀಕ, ಮಂಗಟ್ಟೆ.

ಸಾಗರ, ಹೊಸನಗರ, ತೀರ್ಥಹಳ್ಳಿಯವರಿಗೆ ಈ ಕಾಡಿನ ಕಥೆ ದೂರದ್ದಲ್ಲ. ನಮ್ಮ ಹಳ್ಳಿಗಳ ಹೆಸರುಗಳಲ್ಲೇ ಕಾನು, ಹಡ್ಲು, ಜಡ್ಡು ಇವೆ. ಹುಲಿಕಲ್ಲು, ಆಗುಂಬೆಯಲ್ಲಿ ಸುರಿಯುವ ಮಳೆಯನ್ನು ಹೀರಿ, ಬೇಸಿಗೆಯಲ್ಲಿ ಸ್ವಲ್ಪಸ್ವಲ್ಪವೇ ಬಿಟ್ಟುಕೊಡುವುದು ಇಂತಹ ತಗ್ಗಿನ ಕಾನುಗಳೇ. ಮನೆಗೆ ದಬ್ಬೆಯಲ್ಲೋ ಪೈಪಿನಲ್ಲೋ ಅಬ್ಬಿ ನೀರು ಬರುವ ಕೇರಿಗಳಲ್ಲಿ ಮೂಲ ಹುಡುಕುತ್ತ ಹತ್ತಿದರೆ ಹೆಚ್ಚಾಗಿ ಕಾನಿಗೇ ತಲುಪುತ್ತೇವೆ.

ಆದರೆ ನೀರಿರುವ ತಗ್ಗೇ ಅಡಿಕೆ ತೋಟಕ್ಕೂ ಒಳ್ಳೆಯ ಜಾಗ. ನಮ್ಮ ಹಿರಿಯರು ಬದುಕಿದ್ದು ಅದರಿಂದಲೇ. ಅವರನ್ನು ದೂರಲು ನನಗೆ ಬಾಯಿಲ್ಲ. ಕೊಡಲಿಗಿಂತ ನನಗೆ ಭಯ ತೋಟದ ಕಪ್ಪಿನದು. ಒಂದೂ ಮರ ಕಡಿಯದೆ ನೀರು ಬಸಿಯಲು ಕಪ್ಪು, ಅಂದರೆ ಕಾಲುವೆ, ತೋಡಿದರೂ ಸಾಕು, ಜಡ್ಡಿ ಒಣಗುತ್ತದೆ. ದೊಡ್ಡ ಮರಗಳು ಕೆಲವು ಕಾಲ ನಿಂತಿರುತ್ತವೆ, ಬುಡದಲ್ಲಿ ಸಸಿ ಏಳುವುದಿಲ್ಲ. ಇನ್ನೊಂದು ಬಗೆಯ ಸಾವನ್ನೂ ಈ ಸೀಮೆ ಕಂಡಿದೆ. 1964ರಲ್ಲಿ ಲಿಂಗನಮಕ್ಕಿ, ಆಮೇಲೆ ಚಕ್ರಾ, ಸಾವೇಹಕ್ಲು, ಮಾಣಿ ಹಿನ್ನೀರಿನಲ್ಲಿ ಕಣಿವೆಗೆ ಕಣಿವೆಯೇ ಮುಳುಗಿತು. ಜೌಗಿನ ಮರಕ್ಕೆ ಬೇಕಾದದ್ದು ಪಾದ ನೆನೆಸಿ ಹರಿಯುವ ನೀರು. ನೆತ್ತಿಯ ಮೇಲೆ ನಿಂತ ನೀರಿನಲ್ಲಿ ಅದೂ ಸಾಯುತ್ತದೆ.

ಮಾವ ಬಿದ್ದಿದ್ದ ಪಿಂಡಿಕಾಯಿಯೊಂದನ್ನು ಉಗುರಿನಿಂದ ಸೀಳಿದರು. ಒಳಗೆ ಬೀಜ, ಅದನ್ನು ಬೆರಳುಗಳಂತೆ ತಬ್ಬಿದ ಕೆಂಪು ಪತ್ರೆ. ಮನೆಗೆ ಒಯ್ದು ಬಿತ್ತೋಣವೆಂದು ಕೈಚಾಚಿದೆ. "ಒಣಗಿದ್ರೆ ಹುಟ್ಟಲ್ಲ" ಎಂದರು. ಭತ್ತದಂತೆ ಕಣಜದಲ್ಲಿ ಕಾದಿಡುವ ಬೀಜವಲ್ಲ ಇದು. ತೇವ ಆರಿದರೆ ಜೀವ ಹೋಗುತ್ತದೆ. ಬಗ್ಗಿ, ಬಾಗಿದ ಬೇರಿನ ಪಕ್ಕದ ಕೆಸರಿನಲ್ಲಿ ಹೆಬ್ಬೆರಳಿನಿಂದ ಕುಳಿ ಮಾಡಿ ಬೀಜವನ್ನು ಅಲ್ಲೇ ಊರಿದರು. ಕುಳಿಯ ತುಂಬ ನೀರು ಬಂದು ನಿಂತಿತು.