ಸೌರ ಫಲಕದ ಸಾಲ ಮತ್ತು ಮನೆಯ ಮೇಲಿನ ಮೊದಲ ಹಕ್ಕು

ಚಾವಣಿಗೆ ಸೌರ ಫಲಕ ಹಾಕಿಸುವ ವೆಚ್ಚವನ್ನು ಆರಂಭದಲ್ಲೇ ಭರಿಸಬೇಕಾಗುವುದರಿಂದಲೂ, ವಿದ್ಯುತ್ ಬಿಲ್ಲಿನ ಉಳಿತಾಯ ಮಾತ್ರ ವರ್ಷಗಟ್ಟಲೆ ಸ್ವಲ್ಪಸ್ವಲ್ಪವಾಗಿ ಕೈಸೇರುವುದರಿಂದಲೂ, ಮನಸ್ಸಿದ್ದ ಕುಟುಂಬಗಳೂ ಹಿಂಜರಿಯುವುದುಂಟು. ಈ ತೊಡಕಿನ ನಿವಾರಣೆಗಾಗಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಬರ್ಕ್ಲಿ ನಗರಾಡಳಿತವು 2008ರಲ್ಲಿ, ಫಲಕಗಳಿಗೆ ತಾನೇ ಹಣ ಒದಗಿಸಿ ಅದನ್ನು ಆಸ್ತಿ ತೆರಿಗೆಯೊಂದಿಗೆ 20 ವರ್ಷಗಳ ಕಂತುಗಳಲ್ಲಿ ವಸೂಲು ಮಾಡುವ ವ್ಯವಸ್ಥೆಯೊಂದನ್ನು ಜಾರಿಗೆ ತಂದಿತು. ಮುಂದೆ ‘ಪೇಸ್’ ಎಂದು ಹೆಸರಾದ ಈ ವ್ಯವಸ್ಥೆಯಲ್ಲಿ ಋಣಭಾರ ಬೀಳುವುದು ವ್ಯಕ್ತಿಯ ಮೇಲಲ್ಲ, ಆಸ್ತಿಯ ಮೇಲೆ. ಆದ್ದರಿಂದ ಮನೆ ಮಾರಾಟವಾದರೆ ಉಳಿದ ಕಂತುಗಳು ಫಲಕಗಳೊಡನೆ ಹೊಸ ಮಾಲೀಕರಿಗೆ ವರ್ಗವಾಗಬೇಕೆಂಬುದು ಮೂಲ ಆಶಯವಾಗಿತ್ತು.

ಯೋಜನೆಗೆ ಬಲ ಕೊಟ್ಟ ಈ ಅಂಶವೇ ಅದರ ಅತಿ ದೊಡ್ಡ ಅಡ್ಡಿಯೂ ಆಯಿತು. ತೆರಿಗೆ ಬಾಕಿಗೆ ಗೃಹಸಾಲಕ್ಕಿಂತ ಮೊದಲ ಹಕ್ಕಿರುವುದರಿಂದ, ಮನೆ ಹರಾಜಾದರೆ ಪೇಸ್‌ನ ಬಾಕಿ ತೀರಿದ ಮೇಲಷ್ಟೇ ಗೃಹಸಾಲ ಕೊಟ್ಟವರ ಸರದಿ ಬರುತ್ತದೆ. ಬ್ಯಾಂಕುಗಳಿಂದ ಗೃಹಸಾಲಗಳನ್ನು ಕೊಂಡುಕೊಳ್ಳುವ ಫ್ಯಾನಿ ಮೇ ಮತ್ತು ಫ್ರೆಡ್ಡಿ ಮ್ಯಾಕ್ ಎಂಬ ಎರಡು ಬೃಹತ್ ಸಂಸ್ಥೆಗಳು 2008ರ ಆರ್ಥಿಕ ಕುಸಿತದಲ್ಲಿ ಸರ್ಕಾರದ ಸುಪರ್ದಿಗೆ ಬಂದಿದ್ದವು. ಅವುಗಳ ಮೇಲ್ವಿಚಾರಣೆ ನಡೆಸುವ ಒಕ್ಕೂಟ ಸರ್ಕಾರದ ವಸತಿ ಹಣಕಾಸು ಪ್ರಾಧಿಕಾರವು, ಇಂಥ ಮೊದಲ ಹಕ್ಕು ಗೃಹಸಾಲಗಳ ಸುರಕ್ಷತೆಗೆ ಅಪಾಯಕಾರಿ ಎಂದು 2010ರ ಜುಲೈನಲ್ಲಿ ಸಾರಿದೊಡನೆ, ದೇಶದ ಬಹುತೇಕ ಮನೆಬಳಕೆಯ ಪೇಸ್ ಯೋಜನೆಗಳು ಸ್ಥಗಿತಗೊಂಡವು. ಕ್ಯಾಲಿಫೋರ್ನಿಯಾದ ಸೊನೋಮಾ ಕೌಂಟಿ ಯೋಜನೆಯನ್ನು ಕೈಬಿಡದೆ ನ್ಯಾಯಾಲಯದ ಮೆಟ್ಟಿಲೇರಿತಾದರೂ, 2013ರಲ್ಲಿ ಮೇಲ್ಮನವಿ ನ್ಯಾಯಾಲಯವು ಪ್ರಾಧಿಕಾರದ ಪರವಾಗಿಯೇ ತೀರ್ಪಿತ್ತಿತು. ಸಾಲದಾತರ ಭಯ ಆಧಾರರಹಿತವಲ್ಲ. ಆದರೆ ಸಾಮಾನ್ಯವಾಗಿ ಆ ಹೊತ್ತಿಗೆ ತಪ್ಪಿದ ಕಂತುಗಳಷ್ಟೇ ಮೊದಲು ಸಲ್ಲಬೇಕಾದವೇ ಹೊರತು ಇಡೀ ಸಾಲವಲ್ಲವೆಂಬುದನ್ನು ಗಮನಿಸಿದರೆ, ಯೋಜನೆಗಳನ್ನೇ ನಿಲ್ಲಿಸುವಷ್ಟು ಗಂಡಾಂತರ ಅಲ್ಲಿತ್ತೆಂದು ಒಪ್ಪುವುದು ಕಷ್ಟ. ಸಾಲದಾತರಿಗೆ ಆಗಬಹುದಾದ ನಷ್ಟ ತುಂಬಿಕೊಡಲೆಂದು ಕ್ಯಾಲಿಫೋರ್ನಿಯಾ ಸರ್ಕಾರವು 1 ಕೋಟಿ ಡಾಲರ್‌ಗಳ ಮೀಸಲು ನಿಧಿಯನ್ನು ಸ್ಥಾಪಿಸಿದ ಬಳಿಕ, ಅಲ್ಲಿ ಯೋಜನೆಗಳು ಖಾಸಗಿ ಕಂಪನಿಗಳ ಮೂಲಕ ಮತ್ತೆ ವೇಗ ಪಡೆದವು.

ಆದರೆ ಆ ವೇಗದಲ್ಲಿ ಇನ್ನೂ ಗಂಭೀರವಾದ ದೋಷವೊಂದು ಹೊರಬಿತ್ತು. ಸಾಲ ಮಂಜೂರಾತಿಗೆ ಆಸ್ತಿಯ ಮೌಲ್ಯವೇ ಮುಖ್ಯ ಆಧಾರವಾಗಿ, ಮಾಲೀಕರ ಆದಾಯದ ಪರಿಶೀಲನೆ ಹಿಂದೆ ಸರಿದುದರಿಂದ, ಮನೆಬಾಗಿಲಿಗೆ ಬಂದ ಗುತ್ತಿಗೆದಾರರ ಮಾತು ನಂಬಿ ಸಹಿ ಹಾಕಿದ ವೃದ್ಧರೂ, ಇಂಗ್ಲಿಷ್ ಅಷ್ಟಾಗಿ ಬಾರದವರೂ ತೀರಿಸಲಾಗದ ತೆರಿಗೆ ಹೊರೆಗೆ ಸಿಲುಕಿ, ಸ್ವಂತ ಮನೆಯನ್ನೇ ಕಳೆದುಕೊಳ್ಳುವ ಭೀತಿ ಎದುರಿಸಬೇಕಾಯಿತು. ಬಡವರ ಮನೆಯನ್ನು ಪಣಕ್ಕಿಡುವ ಯೋಜನೆ, ಅದು ಎಷ್ಟೇ ಪರಿಸರಸ್ನೇಹಿಯಾಗಿದ್ದರೂ, ಸಮರ್ಥನೀಯವಲ್ಲ. ಲಾಸ್ ಏಂಜಲೀಸ್ ಕೌಂಟಿ 2020ರಲ್ಲಿ ತನ್ನ ಯೋಜನೆಯನ್ನು ಕೊನೆಗೊಳಿಸಿತು. ಮರುಪಾವತಿಯ ಸಾಮರ್ಥ್ಯವನ್ನು ಪರಿಶೀಲಿಸಲೇಬೇಕೆಂಬ ಒಕ್ಕೂಟ ಸರ್ಕಾರದ ನಿಯಮವು 2018ರ ಕಾನೂನಿನ ಅನ್ವಯ 2024ರ ಡಿಸೆಂಬರ್‌ನಲ್ಲಿ ಅಂತಿಮ ರೂಪ ಪಡೆಯಿತು.

ಮೊದಲ ಹಕ್ಕಿನ ಪ್ರಶ್ನೆಯನ್ನು ಮಾತ್ರ ಈ ನಿಯಮ ಬಗೆಹರಿಸುವುದಿಲ್ಲ. ಆ ಎರಡು ಸಂಸ್ಥೆಗಳು ಇಂಥ ಋಣಭಾರವಿರುವ ಮನೆಗಳ ಗೃಹಸಾಲವನ್ನು ಕೊಳ್ಳದಿರುವವರೆಗೆ, ಮನೆ ಮಾರುವವರು ಹಲವು ಸಂದರ್ಭಗಳಲ್ಲಿ ಉಳಿದ ಬಾಕಿಯನ್ನೆಲ್ಲ ಒಮ್ಮೆಗೇ ತೀರಿಸಬೇಕಾಗುತ್ತದೆ.