ಲೋಮನಾಳದ ಹಾದಿ

ಶಿಕಾರಿಪುರ, ಸೊರಬಗಳು ಕೆರೆ ಕಾಲುವೆಗಳ ಸೀಮೆ. ಬೇಸಿಗೆಯಲ್ಲಿ ಬಿರುಕುಬಿಟ್ಟ ಮಣ್ಣಿನ ಕಾಲುವೆಗೆ ತೂಬು ತೆಗೆದು ನೀರು ಹಾಯಿಸಿದರೆ, ಮೊದಲ ನೀರು ಕೊನೆಯ ಗದ್ದೆಯನ್ನು ಮುಟ್ಟುವುದಿಲ್ಲ. ಕಾಲುವೆಯ ಒಡಲೇ ಅದನ್ನು ಕುಡಿದುಬಿಡುತ್ತದೆ. ಮಣ್ಣು ನೆನೆದ ಮೇಲೆ ಬಂದ ನೀರು ಮುಂದೆ ಸಾಗುತ್ತದೆ. ಮೊದಲ ನೀರು ವ್ಯರ್ಥವಾಯಿತೆಂದು ರೈತನು ಕೊರಗುವುದಿಲ್ಲ. ಹಿಂದೆ ಬರುವ ನೀರಿಗೆ ದಾರಿ ಮಾಡಿದುದು ಅದೇ ಎಂಬುದನ್ನು ಅವನು ಬಲ್ಲನು. ಕಣ್ಣಿಗೆ ಕಾಣದ ಪರಮಾಣುಗಳ ಲೋಕದಲ್ಲಿಯೂ ಇದನ್ನು ಹೋಲುವ ಸಂಗತಿಯೊಂದುಂಟು.

ಪರಮಾಣುವು ತನ್ನ ಕೆಲವು ಎಲೆಕ್ಟ್ರಾನುಗಳನ್ನು ಕಳೆದುಕೊಂಡರೆ ಧನ ಆವೇಶವುಳ್ಳ ಅಯಾನು ಎನಿಸಿಕೊಳ್ಳುತ್ತದೆ. ಇಂತಹ ಅಯಾನು ಯಾವುದೇ ವಸ್ತುವಿನ ಮೈಗೆ ತೀರ ಸಮೀಪಿಸಿದರೆ, ಅಲ್ಲಿಂದ ಎಲೆಕ್ಟ್ರಾನುಗಳನ್ನು ಸೆಳೆದುಕೊಂಡು ಆವೇಶವನ್ನು ನೀಗಿಕೊಳ್ಳುತ್ತದೆ. ಆದುದರಿಂದ ಕಿರಿದಾದ ನಾಳದೊಳಕ್ಕೆ ಓರೆಯಾಗಿ ಹೊಕ್ಕ ಅಯಾನು ಗೋಡೆಗೆ ಬಡಿದು ಅಲ್ಲಿಯೇ ಕೊನೆಗಾಣಬೇಕು.

2002ರಲ್ಲಿ ಬರ್ಲಿನ್ನಿನ ವಿಜ್ಞಾನಿ ನಿಕೋಲಾಸ್ ಸ್ಟೋಲ್ಟರ್‌ಫೋಟ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಪ್ರಯೋಗವು ಬೇರೆಯೇ ಫಲವನ್ನು ತೋರಿಸಿತು. ವಿದ್ಯುತ್ತನ್ನು ಹರಿಯಗೊಡದ ಪ್ಲಾಸ್ಟಿಕ್ ಹಾಳೆಯೊಂದನ್ನು ಅವರು ಆರಿಸಿಕೊಂಡರು. ಅದರ ದಪ್ಪ ಮಿಲಿಮೀಟರಿನ ನೂರನೆಯ ಒಂದು ಭಾಗ. ಅದರಲ್ಲಿದ್ದ ಲೋಮನಾಳಗಳ ಅಗಲ ಮಿಲಿಮೀಟರಿನ ಹತ್ತು ಸಾವಿರದ ಒಂದು ಭಾಗ. ತಮ್ಮ ಹತ್ತು ಎಲೆಕ್ಟ್ರಾನುಗಳಲ್ಲಿ ಏಳನ್ನು ಕಳೆದುಕೊಂಡ ನಿಯಾನ್ ಅಯಾನುಗಳನ್ನು ಅದರತ್ತ ಹರಿಸಿದರು. ಅವುಗಳ ವೇಗ ಸೆಕೆಂಡಿಗೆ ಸುಮಾರು 170 ಕಿಲೋಮೀಟರು. ಪರಮಾಣು ಲೋಕದ ಅಳತೆಯಲ್ಲಿ ಇದು ನಿಧಾನಗತಿಯೇ. ಹಾಳೆಯನ್ನು ಸುಮಾರು ಅರ್ಧ ಡಿಗ್ರಿಗಿಂತ ಹೆಚ್ಚು ಓರೆಮಾಡಿದರೆ ನೇರವಾದ ಹಾದಿ ಮುಚ್ಚಿಹೋಗುತ್ತದೆ. ಆದರೂ 5 ಡಿಗ್ರಿಗೂ ಮೀರಿ ಓರೆಮಾಡಿದಾಗ ಅಯಾನುಗಳು ನಾಳದ ದಿಕ್ಕಿಗೇ ತಿರುಗಿ, ತಮ್ಮ ಆವೇಶವನ್ನು ಉಳಿಸಿಕೊಂಡೇ ಹೊರಬಂದವು!

ಇದರ ಮರ್ಮವೇನು? ಮೊದಲು ಬಂದ ಅಯಾನುಗಳು ಗೋಡೆಗೆ ಬಡಿದು ತಮ್ಮ ಆವೇಶವನ್ನು ಅಲ್ಲಿ ಬಿಟ್ಟವು. ಗೋಡೆ ಲೋಹದ್ದಾಗಿದ್ದರೆ ಆ ಆವೇಶ ಒಡನೆ ಹರಿದುಹೋಗುತ್ತಿತ್ತು. ಅವಾಹಕವಾದುದರಿಂದ ಅದು ಅಲ್ಲಿಯೇ ನಿಂತಿತು. ಸಜಾತೀಯ ಆವೇಶಗಳು ಒಂದನ್ನೊಂದು ದೂಡುತ್ತವೆಯಷ್ಟೆ. ಹಿಂದೆ ಬಂದ ಅಯಾನುಗಳು ಗೋಡೆಯನ್ನು ಮುಟ್ಟುವ ಮೊದಲೇ ಪಕ್ಕಕ್ಕೆ ಸರಿದು, ನಾಳದ ನಡುವೆ ಸಾಗಿದವು. ಯಾರೂ ಕೈಯಿಟ್ಟು ತಿದ್ದದೆ ಈ ವ್ಯವಸ್ಥೆ ತಾನಾಗಿಯೇ ಏರ್ಪಟ್ಟಿತು. ಆದರೆ ಆವೇಶವು ಮಿತಿಮೀರಿ ಕೂಡಿದರೆ ಹಾದಿಯೇ ಕಟ್ಟಿಹೋಗಬಹುದು. ಆದುದರಿಂದ ಗೋಡೆಯಿಂದ ಅದು ಮೆಲ್ಲಮೆಲ್ಲನೆ ಸೋರಿಹೋಗುವುದೂ ಅವಶ್ಯಕ. ಕಾಲುವೆಯ ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ: ನೆನೆದ ಮಣ್ಣು ನೀರನ್ನು ದೂಡುವುದಿಲ್ಲ, ಕುಡಿಯುವುದನ್ನು ಕಡಿಮೆ ಮಾಡುತ್ತದೆ, ಅಷ್ಟೆ.

2006ರಲ್ಲಿ ಜಪಾನಿನ ವಿಜ್ಞಾನಿಗಳು ತುದಿಯತ್ತ ಸಪೂರವಾಗುವ ಗಾಜಿನ ನಾಳದಲ್ಲಿ ನಿಧಾನಗತಿಯ ಅಯಾನುಗಳನ್ನು ಹಾಯಿಸಿ, ಅವುಗಳ ಧಾರೆಯನ್ನು ಒತ್ತಾಗಿಸಿದರು. ಅತಿ ಚಿಕ್ಕ ಗುರಿಗೆ ಅಯಾನುಗಳನ್ನು ಮುಟ್ಟಿಸಲು ಇದು ಸುಲಭವಾದ ಸಾಧನ.

ಗುರಿ ಮುಟ್ಟಿದ ಅಯಾನುಗಳನ್ನು ಮಾತ್ರ ಉಪಕರಣವು ಎಣಿಸುತ್ತದೆ. ಗೋಡೆಯಲ್ಲಿ ನಿಂತವು ಆ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಅವು ನಿಲ್ಲದಿದ್ದರೆ ಉಳಿದವು ಸಾಗುತ್ತಿರಲಿಲ್ಲ. ಕೊನೆಯ ಗದ್ದೆಯ ಹಸುರನ್ನು ಕಂಡು ಕಾಲುವೆ ಕುಡಿದ ಮೊದಲ ನೀರನ್ನು ನೆನೆಯುವ ರೈತನಿಗೆ ಈ ಮಾತು ಹೊಸದಲ್ಲ.